ಹೋಗೋದು ಬರೋದು

ಫೆಬ್ರವರಿ 4, ಮಂಗಳವಾರ

ಈ ನೋಟುಬುಕ್ಕನ್ನು ಕನ್ನಡದಲ್ಲೇ ಬರೆಯುತ್ತೇನೆ. ಅಮ್ಮಿಗೆ ಉರ್ದು ಬಿಟ್ಟು ಬೇರೆ ಅಕ್ಷರ ಬರುವುದಿಲ್ಲ. ತಮ್ಮ ಉಮೇರನಿಗೆ ಎರಡು ಸಾಲಿಗಿಂತ ಹೆಚ್ಚು ಏನನ್ನೂ ಓದುವ ತಾಳ್ಮೆ ಇಲ್ಲ. ಹಾಗಾಗಿ ಇಲ್ಲಿ ಯಾರನ್ನು ಬೇಕಾದರೂ ಧಾರಾಳವಾಗಿ ಬೈಯಬಹುದು.

ಮೊದಲು ನನ್ನ ಹಣೆಬರಹವನ್ನು ಬೈಯುತ್ತೇನೆ. ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ., ಫಸ್ಟ್ ಕ್ಲಾಸು. ಬೀದರ ಪಕ್ಕದ ಕೊಳಾರದ ಕಾರ್ಖಾನೆಗಳ ಗೇಟಿಗೆ ಅರ್ಜಿ ಕೊಟ್ಟು ಕೊಟ್ಟು ಚಪ್ಪಲಿ ಸವೆಯಿತು. ಈಗ ಸಿಕ್ಕಿರುವುದು ಒಂದು ವರ್ಷದ ಕೆಲಸ: ಪಾರ್ಕಿನ್ಸನ್ ರೋಗಿಗಳ ಅಧ್ಯಯನದಲ್ಲಿ ಕ್ಷೇತ್ರ ಸಹಾಯಕಿ. ರೋಗಿಗಳು ಬೀದರ, ಭಾಲ್ಕಿ, ಔರಾದ ಸೇರಿ ಇಪ್ಪತ್ತೆರಡು ಜನ. ಅವರು ನುಂಗುವ ಗುಳಿಗೆಯ ಅಣುವನ್ನು ನಾನು ಕಣ್ಣು ಮುಚ್ಚಿ ಬೋರ್ಡಿನ ಮೇಲೆ ಬಿಡಿಸಬಲ್ಲೆ. ಅದಕ್ಕೆ ಎಡ ಬಲ ಎಂದು ಎರಡು ರೂಪ. ಎಡ ರೂಪವೇ ಔಷಧ, ಬಲ ರೂಪ ಪ್ರಯೋಜನಕ್ಕಿಲ್ಲ. ಇಷ್ಟೆಲ್ಲ ಓದಿದವಳ ಕೆಲಸ ಈಗ ಮನೆ ಮನೆಗೆ ಹೋಗಿ ಪುಸ್ತಕ ಹಂಚುವುದು.

ಪುಸ್ತಕ ಎಂದರೆ ದಿನಕ್ಕೊಂದು ಪುಟ, ಅರ್ಧ ಗಂಟೆಗೊಂದು ಖಾನೆ. ಗುಳಿಗೆಯ ಪ್ರಭಾವ ಇದ್ದು ಕೈಕಾಲು ಮಾತು ಕೇಳುವ ಹೊತ್ತಿಗೆ 'ಆನ್'. ಪ್ರಭಾವ ಇಳಿದು ಕೈ ನಡುಗಿ ಕಾಲು ಹಿಡಿದುಕೊಳ್ಳುವ ಹೊತ್ತಿಗೆ 'ಆಫ್'. ಮನೆಯವರು ತುಂಬಬೇಕು. ಅದನ್ನು ನೋಡಿ ರವಿಕಿರಣ ಸರ್, ಎಂದರೆ ನಮ್ಮ ನರರೋಗ ವೈದ್ಯರು, ಗುಳಿಗೆ ಹೆಚ್ಚು ಕಡಿಮೆ ಮಾಡುತ್ತಾರೆ. ಜೊತೆಗೆ ರೋಗಿಯ ಮುಂಗೈಗೆ ಒಂದು ಗಡಿಯಾರದಂಥ ಯಂತ್ರ. ಅದು ನಡುಕವನ್ನು ತಾನೇ ದಾಖಲಿಸಿಕೊಳ್ಳುತ್ತದೆ, ಆದರೆ ಆ ಲೆಕ್ಕ ತೆರೆಯುವುದು ವರ್ಷದ ಕೊನೆಗೆ.

ನಮಗೆ ಕೊಟ್ಟಿರುವ ಕೋಣೆ ಒಂದು ದಂತ ಕಾಲೇಜಿನ ಹಿಂಭಾಗದಲ್ಲಿದೆ. ಗೋಡೆಯ ತುಂಬ ಪ್ಲಾಸ್ಟರಿನ ದವಡೆಗಳು. ದಿನವಿಡೀ ನನ್ನ ಕಡೆ ಹಲ್ಲು ಕಿರಿಯುತ್ತಿರುತ್ತವೆ.

ಏಪ್ರಿಲ್ ಹತ್ತಕ್ಕೆ ಪಿಎಚ್.ಡಿ. ಸಂದರ್ಶನ. ಅಷ್ಟರಲ್ಲಿ ಅನುಭವ ಪತ್ರ ಕೊಡುತ್ತೇನೆ, ಪ್ರಬಂಧದಲ್ಲಿ ನಿನ್ನ ಹೆಸರೂ ಹಾಕುತ್ತೇನೆ ಎಂದಿದ್ದಾರೆ ಸರ್. ಆ ಒಂದು ಹೆಸರಿಗಾಗಿ ಧೂಳು ತಿನ್ನುತ್ತೇನೆ.

ಫೆಬ್ರವರಿ 7, ಶುಕ್ರವಾರ

ಡಾಬಕಾ. ಹದಿನೇಳನೇ ನಂಬರಿನ ರೋಗಿಯ ಊರು. ಬಸ್ಸಿನಲ್ಲಿ ಔರಾದ, ಅಲ್ಲಿಂದ ಟಂಟಂ ಆಟೋ, ಅಲ್ಲಿಂದ ಕಾಲ್ನಡಿಗೆ. ಊರಲ್ಲಿ ಮನೆ ಇದ್ದೂ ಈ ಜನ ಹೊಲದಲ್ಲಿ ಯಾಕೆ ಇರುತ್ತಾರೋ. ಕುರಿಗಾಗಿಯಂತೆ.

ಮುದುಕಿ ಪಡಸಾಲೆಯಲ್ಲಿ ಕೂತಿದ್ದರು. ರೋಗದಿಂದ ದನಿ ಪಿಸುಮಾತಿನಷ್ಟು ಸಣ್ಣದಾಗಿದೆ. ಮಗ ಧೊಂಡಿಬಾ ಕುರಿ ಹಿಂದೆ ಹೋಗಿದ್ದ. ಸೊಸೆ ಸರಿತಾ, ಹತ್ತನೇ ಪಾಸು. ಪುಸ್ತಕ ತುಂಬುವವಳು ಅವಳೇ. ಮಾತು ಕಡಿಮೆ, ತಲೆ ಆಡಿಸುವುದು ಹೆಚ್ಚು. ಹಿಂತಿರುಗುವ ಟಂಟಂ ನಾಲ್ಕೂವರೆಗೆ. ಯಂತ್ರ ಕಟ್ಟಿ, ದಿನಾ ಚಾರ್ಜ್ ಮಾಡಬೇಕೆಂದು ಹೇಳಿ, ಪುಸ್ತಕ ತೆರೆದಾಗ ನಾಲ್ಕು ಹದಿನೈದು.

"ಆನ್ ಇದ್ದಾಗ ಆನ್, ಆಫ್ ಇದ್ದಾಗ ಆಫ್. ಅಷ್ಟ ನೋಡ್ರಿ. ತಿಳೀತು?"

"ತಿಳೀತ್ರಿ. ಹೋಗೋದು ಬರೋದು ಬರೀಬೇಕಲ್ರಿ?"

"ಹೌದು, ಹೋಗೋದು ಬರೋದು."

ದಿನಾ ಸಂಜೆ ಪುಟದ ಫೋಟೊ ವಾಟ್ಸಾಪಿಗೆ ಹಾಕು ಎಂದು ಹೇಳಿ ನಾಲ್ಕು ಇಪ್ಪತ್ತೊಂದಕ್ಕೆ ಓಡಿದೆ. ಆದರೂ ಟಂಟಂ ತಪ್ಪಿತು. ಇಪ್ಪತ್ತೆರಡರಲ್ಲಿ ಈ ಹದಿನೇಳೇ ನನ್ನ ಪ್ರಾಣ ತೆಗೆಯುವುದು.

ಫೆಬ್ರವರಿ 27, ಗುರುವಾರ

ಇಪ್ಪತ್ತು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಒಂಬತ್ತನೇ ನಂಬರಿನವರು ಪುಸ್ತಕದಲ್ಲಿ ಮದುವೆಯ ಸಾಮಾನಿನ ಪಟ್ಟಿ ಬರೆದಿದ್ದರು. ಎರಡನೇ ನಂಬರಿನವರು ಎಲ್ಲ ಖಾನೆಗೂ 'ಆರಾಮ' ಎಂದು ತುಂಬಿದ್ದರು. ಇಂಥವರ ಮೇಲೆ ಸಂಶೋಧನೆ.

ಹದಿನೇಳು ಮಾತ್ರ ಬೇರೆ. ಒಂದೂ ಖಾನೆ ಖಾಲಿಯಿಲ್ಲ, ಅಕ್ಷರ ಅಚ್ಚುಕಟ್ಟು. ಇವತ್ತು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದಾಗ ಗೊತ್ತಾಯಿತು. ಒಂದು ವಾರ 'ಆಫ್' ಹನ್ನೆರಡರಿಂದ ಸಂಜೆ ಐದು. ಮುಂದಿನ ವಾರ ಬೆಳಿಗ್ಗೆ ಏಳರಿಂದ ಹನ್ನೆರಡು. ಮತ್ತೆ ಮಧ್ಯಾಹ್ನ. ರೋಗ ಪಾಳಿಯ ಮೇಲೆ ಕೆಲಸಕ್ಕೆ ಬರುತ್ತಿದೆ.

ಸರ್ ಕಂಪ್ಯೂಟರಿನ ನಕ್ಷೆಯನ್ನು ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ವಾರದ ಲಯ. ಇದನ್ನ ಯಾರೂ ತೋರಿಸಿಲ್ಲ, ಅರ್ಶಿಯಾ. ಇದು ಬರೇ ಪೇಪರ್ ಅಲ್ಲ, ಸಮ್ಮೇಳನಕ್ಕ ಹೋಗೂ ಮಾಲು."

ನನಗೂ ಮೈ ಜುಮ್ಮೆಂದಿತು, ಸುಳ್ಳು ಯಾಕೆ ಹೇಳಲಿ. ನನ್ನದೇ ಒಂದು ಕಾರಣವನ್ನೂ ಕಂಡುಹಿಡಿದೆ: ಬೇಳೆ. ಬೇಳೆಯ ಅಮೈನೊ ಆಮ್ಲಗಳೂ ಈ ಔಷಧವೂ ಕರುಳಿನಲ್ಲಿ ಒಂದೇ ಬಾಗಿಲಿಂದ ಒಳಗೆ ಹೋಗಬೇಕು. ಬೇಳೆ ನುಗ್ಗಿದರೆ ಔಷಧ ಹೊರಗೆ ನಿಲ್ಲುತ್ತದೆ. ಸರಿತಾಗೆ ಫೋನ್ ಮಾಡಿ, ಬೇಳೆ ಯಾವಾಗ ಉಣ್ಣುತ್ತೀರಿ ಎಂದು ಕೇಳಿದೆ.

"ದಿನಾ ಉಣ್ತೀವ್ರಿ. ಬೀದರ ಜಿಲ್ಲಾದಾಗ ಬ್ಯಾಳಿ ಬಿಟ್ಟು ಮತ್ತೇನ ಉಣ್ಣಬೇಕ್ರಿ?"

ನಕ್ಕಳೋ ಏನೋ. ಸಿಟ್ಟು ಬಂದು ಫೋನ್ ಇಟ್ಟೆ. ವಿಜ್ಞಾನ ಕೇಳಿದರೆ ಚೇಷ್ಟೆ.

ಮಾರ್ಚ್ 1, ಶನಿವಾರ

ಭಾಲ್ಕಿಯಲ್ಲಿ ಶಿಬಿರ. ಹದಿನೇಳನ್ನು ಬಾಡಿಗೆ ಜೀಪಿನಲ್ಲಿ ಕರೆತಂದಿದ್ದರು. ಸರ್ ಗುಳಿಗೆಯನ್ನು ಒಂದರಿಂದ ಒಂದೂವರೆಗೆ ಏರಿಸಿದರು, ದಿನಕ್ಕೆ ನಾಲ್ಕು ಸಲ.

ಸೊಸೆ ಸುಮ್ಮನೆ ಚೀಟಿ ತೆಗೆದುಕೊಂಡು ಹೋಗಬಾರದೇ? ಹಿಂದೆ ಊರಿನ ರೋಗಿಗಳೂ ಸೇರಿ ನಲವತ್ತು ಜನರ ಸಾಲು.

"ಸರ್, ಅತ್ತಿ ಈಗ ಮೊದಲಿಗಿಂತ ಆರಾಮ ಅದಾರಲ್ರಿ. ಗುಳಗಿ ಯಾಕ ಹೆಚ್ಚ?"

ಸರ್ ಪುಸ್ತಕ ಎತ್ತಿ ತೋರಿಸಿದರು. "ನೀನೇ ಬರ್ದೀಯಲ್ಲ ತಾಯಿ, ದಿನಕ್ಕ ಐದೈದು ತಾಸು ಆಫ್."

"ಅದು ಹಂಗೇ ಅದ್ರಿ. ನಮ್ಮ ಕೈಯಾಗೇನದ?"

"ನಮ್ಮ ಕೈಯಾಗ ಅದ," ಎಂದು ಸರ್ ನಕ್ಕರು. ನಾನು ಮುಂದಿನವರನ್ನು ಕರೆದೆ.

ನಾಳೆಯಿಂದ ರಂಜಾನಿನ ರೋಜಾ. ಈ ಬಿಸಿಲಲ್ಲಿ, ಈ ಬಸ್ಸುಗಳಲ್ಲಿ.

ಮಾರ್ಚ್ 11, ಮಂಗಳವಾರ

ಮಧ್ಯಾಹ್ನ ಸರಿತಾಳ ಫೋನು. ಮುದುಕಿ ಬಿದ್ದಿದ್ದಾರೆ. ಎಡ ಮುಂಗೈ ಮುರಿದಿದೆ. ಔರಾದದಲ್ಲಿ ಪಟ್ಟಿ ಕಟ್ಟಿಸಿದ್ದಾರೆ.

ನಾಲ್ಕು ದಿನದಿಂದ ಮುದುಕಿ, ಕುರಿ ಒಳಗೆ ಬಂದಿವೆ, ಓಡಿಸು ಎನ್ನುತ್ತಿದ್ದರಂತೆ. ಕುರಿ ಸಾಕುವ ಮನೆ, ಬಂದೇ ಇರಬೇಕು ಎಂದು ಸರಿತಾ ಪ್ರತಿ ಸಲವೂ ಎದ್ದು ಹೋಗಿ ನೋಡಿದ್ದಾಳೆ. ಒಂದೂ ಇರಲಿಲ್ಲ. ಇವತ್ತು ಅವಳು ನೀರಿಗೆ ಹೋದಾಗ ಮುದುಕಿ ತಾವೇ ಓಡಿಸಲು ಎದ್ದಿದ್ದಾರೆ.

ಇಲ್ಲದ್ದು ಕಾಣುವುದು ಈ ಗುಳಿಗೆ ಹೆಚ್ಚಾದಾಗ ಆಗುವ ತೊಂದರೆ. ಅದು ನನಗೂ ಗೊತ್ತು, ಸರ್‌ಗೂ ಗೊತ್ತು. ಆದರೆ ಪುಸ್ತಕ ಮಾತ್ರ ಈಗಲೂ ದಿನಕ್ಕೆ ಐದು ತಾಸು ಆಫ್ ಎನ್ನುತ್ತಿದೆ. ಹೆಚ್ಚಾಗಿದ್ದರೆ ಆಫ್ ಎಲ್ಲಿಂದ ಬಂತು? ಸರ್ ಹೋಗಿ ನೋಡಿಕೊಂಡು ಬಾ ಎಂದರು.

ನಾಲ್ಕು ದಿನ ಫೋನ್ ಮಾಡದೆ ಏನು ಮಾಡುತ್ತಿದ್ದಳು ಈ ಹೆಂಗಸು?

ಮಾರ್ಚ್ 13, ಗುರುವಾರ

ಬಸ್ಸಿಳಿದವಳೇ ಬರೆಯಲು ಕೂತಿದ್ದೇನೆ. ಸಿಟ್ಟಿಗೆ.

ಹನ್ನೊಂದೂವರೆಗೆ ಅವರ ಮನೆ ಮುಟ್ಟಿದೆ. ಸರಿತಾ ಚಹಾ ತಂದು, ನನ್ನ ತುಟಿ ನೋಡಿ, "ರೋಜಾ ಅದೀರಲ್ರಿ, ಮರ್ತೆ," ಎಂದು ಒಳಗೆ ಒಯ್ದಳು. ಮುದುಕಿ ಎಡಗೈ ಪಟ್ಟಿಯಲ್ಲಿಟ್ಟುಕೊಂಡು ಬಲಗೈಯಿಂದ ಮೊರದಲ್ಲಿ ತೊಗರಿಯ ಹರಳು ಆರಿಸುತ್ತಿದ್ದರು. ಕೈ ನೆಟ್ಟಗಿತ್ತು. ಸಣ್ಣ ಸಣ್ಣ ಹರಳು ಸಹ ತಪ್ಪುತ್ತಿರಲಿಲ್ಲ.

ಹನ್ನೆರಡಕ್ಕೆ ತಲೆಯ ಮೇಲೆ ತಿರುಗುತ್ತಿದ್ದ ಪಂಖಾ ನಿಂತಿತು. ಸರಿತಾ ಒಲೆಯ ಮುಂದಿಂದ ಎದ್ದಳು, ಕೈ ಒರೆಸಿಕೊಂಡಳು, ಗೋಡೆಯ ಗಡಿಯಾರ ನೋಡಿದಳು, ಪುಸ್ತಕ ತೆಗೆದು 'ಆಫ್' ಎಂದು ಬರೆದಳು.

"ಏನ ಬರ್ದಿ?"

"ಕರೆಂಟ ಹೋಯ್ತಲ್ರಿ."

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೇ ಅರ್ಥವಾಯಿತು. ಇವರ ಮನೆಗೆ ವಿದ್ಯುತ್ತು ಬರುವುದು ಪಂಪ್‌ಸೆಟ್ಟಿನ ಲೈನಿನಿಂದ. ಒಂದು ವಾರ ಬೆಳಿಗ್ಗೆ ಹೋಗುತ್ತದೆ, ಮುಂದಿನ ವಾರ ಮಧ್ಯಾಹ್ನ. ವಾರದ ಲಯ. ಸಮ್ಮೇಳನಕ್ಕೆ ಹೋಗುವ ಮಾಲು.

"ಕೈ ನಡುಗೋದು ಬರಿ ಅಂತ ಹೇಳಿದ್ದೆ ನಾನು. ಕರೆಂಟ ಯಾಕ ಬರ್ದಿ? ಅಷ್ಟೂ ತಿಳೀಲಿಲ್ಲೇನು ನಿನಗ?"

"ಗಡಿಯಾರಕ್ಕ ಚಾರ್ಜ್ ಬೇಕಂದ್ರಲ್ರಿ ನೀವು. ಕರೆಂಟ ಎಷ್ಟ ಹೊತ್ತ ಇರ್ತದ ಅಂತ ಕೇಳ್ಯಾರ ಅಂದ್ಕೊಂಡೆ."

"ಹತ್ತನೇ ಪಾಸಾಗಿ ಇದ ಬುದ್ಧಿ? ನಿನ್ನ ತಪ್ಪಿಗಿ ನಿಮ್ಮತ್ತಿ ಬಿದ್ದಾರ ನೋಡು."

ಅವಳ ಮುಖ ಸಪ್ಪಗಾಯಿತು. "ತಪ್ಪಾತ್ರಿ," ಎಂದಳು. ಅತ್ತೆಯ ಕಡೆ ನೋಡಲಿಲ್ಲ.

ಸರ್‌ಗೆ ಅಲ್ಲಿಂದಲೇ ಫೋನ್ ಮಾಡಿದೆ. ಗುಳಿಗೆಯನ್ನು ತಕ್ಷಣ ಹಳೆಯ ಅಳತೆಗೆ ಇಳಿಸಿದರು. ಅಷ್ಟಾದರೂ ಆಯಿತು. ಉಳಿದದ್ದೆಲ್ಲ ಬೂದಿ. ಐದು ವಾರದ ಶ್ರಮ, ನನ್ನ ಪ್ರಬಂಧ, ನನ್ನ ಏಪ್ರಿಲ್. ಒಬ್ಬ ದಡ್ಡಿಯಿಂದ.

ಮಾರ್ಚ್ 14, ಶುಕ್ರವಾರ

ಬೇಳೆಯಂತೆ ಬೇಳೆ. ಥೂ.

ಮಾರ್ಚ್ 17, ಸೋಮವಾರ

ಪಕ್ಕದ ಕೋಣೆಯ ಡಾ. ಸುಮನ ದಂತ ಕಾಲೇಜಿನಲ್ಲಿ ಕಲಿಸುತ್ತಾರೆ. ಅವರದೂ ಒಂದು ಅಧ್ಯಯನ: ಹಲ್ಲು ಕೀಳಿಸಿಕೊಂಡವರಿಗೆ ವಿದ್ಯಾರ್ಥಿಗಳು ಹೇಳುವ ಪಥ್ಯ ಎಷ್ಟು ತಿಳಿಯುತ್ತದೆ ಎಂಬುದು. ವಿದ್ಯಾರ್ಥಿ ಹೇಳಿ ಮುಗಿಸಿದ ಮೇಲೆ ರೋಗಿ ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ತಪ್ಪು ಹೇಳಿದರೆ ಅಂಕ ಹೋಗುವುದು ರೋಗಿಗಲ್ಲ, ವಿದ್ಯಾರ್ಥಿಗೆ.

ನನ್ನ ಕಥೆ ಹೇಳಿಕೊಂಡು ಹದಿನೇಳರ ಸೊಸೆಯನ್ನು ಬೈದೆ. ಅವರು ಬಿದ್ದು ಬಿದ್ದು ನಗುತ್ತಾರೆ ಎಂದುಕೊಂಡಿದ್ದೆ.

"ಆಕಿ ತಿರುಗಿ ಏನ ಹೇಳಿದ್ಲು?" ಎಂದರು.

"ಏನೋ ಹೇಳಿದ್ಲು. ತಿಳೀತು ಅಂದ್ಲು."

"ತಿಳೀತು ಅನ್ನೋದು ಉತ್ತರ ಅಲ್ಲ. ನೀ ಎಷ್ಟ ಹೊತ್ತ ಹೇಳ್ದಿ?"

ಕೆಲಸವಿದೆ ಎಂದು ಎದ್ದು ಬಂದೆ. ಇವರಿಗೇನು, ಪಂಖಾದ ಕೆಳಗೆ ಕೂತು ಅಧ್ಯಯನ. ಡಾಬಕಾದ ಟಂಟಂ ಹಿಡಿಯಲಿ ಒಮ್ಮೆ.

ಈ ನೋಟುಬುಕ್ಕಿನ ಹಿಂದಿನ ಪುಟ ತೆರೆದು ನೋಡಿದೆ. ನೋಡಬಾರದಿತ್ತು. 'ಹೋಗೋದು ಬರೋದು ಬರೀಬೇಕಲ್ರಿ' ಎಂದು ಅವಳು ಕೇಳಿದ್ದಾಳೆ. 'ಹೌದು' ಎಂದವಳು ನಾನು. ನಾನೇ ಬರೆದಿಟ್ಟಿದ್ದೇನೆ, ನನ್ನದೇ ಅಕ್ಷರದಲ್ಲಿ.

ಆರು ನಿಮಿಷ. ನಾಲ್ಕು ಹದಿನೈದರಿಂದ ನಾಲ್ಕು ಇಪ್ಪತ್ತೊಂದು.

ಮಾರ್ಚ್ 19, ಬುಧವಾರ

ಸರ್ ಅಧ್ಯಯನದ ಮೇಲ್ವಿಚಾರಣೆಯ ಕಮಿಟಿಗೆ ವರದಿ ಬರೆದಿದ್ದಾರೆ, ಇಂಗ್ಲಿಷಿನಲ್ಲಿ. ಅದರ ಸಾರ: 'ಆರೈಕೆ ಮಾಡುವವರ ಅನಕ್ಷರತೆಯಿಂದಾಗಿ ಹದಿನೇಳನೇ ರೋಗಿಯ ದಿನಚರಿ ದೋಷಪೂರ್ಣ, ಕೈಬಿಡಲಾಗಿದೆ.' ಕೆಳಗೆ ನನ್ನ ಸಹಿಗೆ ಜಾಗ.

"ಸರ್, ಆಕೆ ಹತ್ತನೇ ಪಾಸು."

"ಹತ್ತನೇ ಪಾಸಂದ್ರ ಅಕ್ಷರ ಬಂತು ಅಂತೇನೂ ಇಲ್ಲ. ಅದು ಬರೇ ಒಂದು ಶಬ್ದ, ಅರ್ಶಿಯಾ. ಅದಕ್ಯಾಕ ತಲಿ ಕೆಡಿಸ್ಕೋತಿ?"

ಇಪ್ಪತ್ತೆರಡು ಪುಸ್ತಕದಲ್ಲಿ ಒಂದೂ ಖಾನೆ ಖಾಲಿ ಬಿಡದಿದ್ದದ್ದು ಅವಳೊಬ್ಬಳೇ. ಅವಳೇ ಅನಕ್ಷರಸ್ಥೆ. ಚಾರ್ಜಿಗೆ ಇಡಬೇಕಾದ ಯಂತ್ರ ಕೊಟ್ಟು ಆನ್ ಆಫ್ ಎಂದರೆ ಯಾರಾದರೂ ಏನು ತಿಳಿಯಬೇಕು? ಕರೆಂಟಿಗೆ ಆ ಮಾತು ಸಲ್ಲುತ್ತದೆ. ಮನುಷ್ಯರಿಗೆ ಆನ್ ಆಫ್ ಎನ್ನುವವರು ನಾವು.

ಸಹಿ ಮಾಡಲಿಲ್ಲ. ಪೆನ್ನು ಸಿಗಲಿಲ್ಲ ಎಂದು ಬಂದೆ. ಜೇಬಿನಲ್ಲೇ ಇತ್ತು. ಹೇಡಿ.

ಮಾರ್ಚ್ 22, ಶನಿವಾರ

ಸರಿತಾ ಫೋನ್ ಮಾಡಿದ್ದಳು. ಅತ್ತೆಗೆ ಕುರಿ ಕಾಣುವುದು ನಿಂತಿದೆ ಎಂದು ಹೇಳಲು. ಫೋನ್ ಇಡುವಾಗ ಅಳುತ್ತ ಹೇಳಿದಳು:

"ಮೇಡಂ, ದೊಡ್ಡ ಡಾಕ್ಟರ್ ಇವ್ರಿಗಿ ಫೋನ್ ಮಾಡಿದ್ರು. ನಿನ್ನ ಹೇಣ್ತಿ ತಪ್ಪ ಬರ್ದಾಳ, ಅದಕ್ಕ ಗುಳಗಿ ಹೆಚ್ಚಾತು ಅಂತ ಹೇಳ್ಯಾರಂತ. ಅವತ್ತಿಂದ ಇವ್ರು ನನ್ನ ಜೋಡಿ ಮಾತ ಬಿಟ್ಟಾರ. ನಮ್ಮವ್ವನ ಕೈ ಮುರದಾಕಿ ನೀನು ಅಂತಾರ. ನಾ ಮಾಡಿದ ರೊಟ್ಟಿ ಸುದ್ದಾ ಉಣ್ಣೂದಿಲ್ರಿ. ಮುಂದಿನ ಪುಸ್ತಕ ಬಂದ್ರ ಬ್ಯಾರೇವ್ರಿಗಿ ಕೊಡ್ರಿ. ನನಗ ಬರ್ಲಿಕ್ಕಿ ಬರೂದಿಲ್ಲ."

ನಾನು ಹ್ಞೂಂ ಎಂದೆ.

ಇಫ್ತಾರಿನಲ್ಲಿ ಖರ್ಜೂರ ತಟ್ಟೆಯಲ್ಲೇ ಬಿಟ್ಟೆ. "ಕ್ಯಾ ಹುವಾ ಗೇ?" ಎಂದರು ಅಮ್ಮಿ. ಕೆಲಸದಲ್ಲಿ ಒಬ್ಬಾಕೆಯನ್ನು ಎಲ್ಲರೂ ಸೇರಿ ಸುಮ್ಮನೆ ಕಳ್ಳಿ ಮಾಡಿದ್ದಾರೆ ಎಂದೆ. ಎಲ್ಲರೂ ಅಂದರೆ ಯಾರು ಎಂದರು. ತಟ್ಟೆ ತೊಳೆಯಲು ಎದ್ದೆ.

ಸರ್ ಮೇಲೆ ಇಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಆದರೆ ಅವರು ಧೊಂಡಿಬಾಗೆ ಹೇಳಿದ ಮಾತನ್ನು ನಾನು ಅವಳ ಮುಖಕ್ಕೇ ಹೇಳಿ ಬಂದಿದ್ದೆ, ಅವರಿಗಿಂತ ಮೊದಲು.

ಮಾರ್ಚ್ 24, ಸೋಮವಾರ

ವರದಿಯಲ್ಲಿ ಅನಕ್ಷರತೆಯ ಸಾಲನ್ನು ಹೊಡೆದು ಹಾಕಿ ಪಕ್ಕದಲ್ಲಿ ಬರೆದೆ: 'ಆನ್, ಆಫ್ ಪದಗಳನ್ನು ಕ್ಷೇತ್ರ ಸಹಾಯಕಿ ಆರು ನಿಮಿಷದಲ್ಲಿ ವಿವರಿಸಿದ್ದಾಳೆ, ತಿಳಿಯಿತೇ ಎಂದು ಪರೀಕ್ಷಿಸಿಲ್ಲ. ಕುಟುಂಬದವರು ಹೇಳಿಸಿಕೊಂಡಂತೆ ಸರಿಯಾಗಿ ತುಂಬಿದ್ದಾರೆ. ಇದರ ಮೇಲೆ ಗುಳಿಗೆ ಏರಿಸಿದ್ದರಿಂದ ರೋಗಿಗೆ ಪೆಟ್ಟಾಗಿದೆ.' ಕೆಳಗೆ ಸಹಿ ಮಾಡಿದೆ.

ಸರ್ ಎರಡು ಸಲ ಓದಿದರು. "ಇದು ಹಿಂಗೇ ಕಮಿಟಿಗಿ ಹೋದ್ರ ನಿನಗ ಅನುಭವ ಪತ್ರ ಹ್ಯಾಂಗ ಕೊಡಲಿ? ಏನಂತ ಬರೀಲಿ?"

"ಆಗಿದ್ದ ಬರೀರಿ ಸರ್."

"ಪೇಪರಿನಾಗ ಹೆಸರು ಇರೂದಿಲ್ಲ."

"ಪೇಪರ್ ಎಲ್ಲಿ ಅದ ಸರ್? ಅದು ಕರೆಂಟಿನ ವೇಳಾಪಟ್ಟಿ."

ಇಷ್ಟು ಹೇಳಿದ್ದು ಹೇಗೋ ಗೊತ್ತಿಲ್ಲ. ಅವರೂ ಬೈಯಲಿಲ್ಲ. ಕಾಗದ ಮಡಚಿ ಮೇಜಿನ ಖಾನೆಯಲ್ಲಿಟ್ಟು, ಹೋಗು ಎಂದರು. ಇನ್ನೊಂದು ಪ್ರತಿಯನ್ನು ನಾನೇ ಕಮಿಟಿಯ ಕಚೇರಿಗೆ ಕೊಟ್ಟು ಮೊಹರು ಹಾಕಿಸಿಕೊಂಡೆ. ಏಪ್ರಿಲ್ ಹೋಯಿತು. ಪುಣ್ಯ ಕಟ್ಟಿಕೊಂಡೆ ಎಂದೇನೂ ಅನ್ನಿಸುತ್ತಿಲ್ಲ.

ಮಾರ್ಚ್ 25, ಮಂಗಳವಾರ

ಡಾಬಕಾಕ್ಕೆ ಹೋಗಿದ್ದೆ. ಧೊಂಡಿಬಾ ಮನೆಯಲ್ಲಿರುವಂತೆ ಮೊದಲೇ ಹೇಳಿ ಇಟ್ಟಿದ್ದೆ. ಸರಿತಾಳ ಅತ್ತೆ ಪುತಳಾಬಾಯಿ ಗೋಡೆಗೆ ಒರಗಿ ಕೂತಿದ್ದರು. ಸರಿತಾ ಬಾಗಿಲಲ್ಲಿ ನಿಂತಿದ್ದಳು, ಒಳಗೂ ಅಲ್ಲ ಹೊರಗೂ ಅಲ್ಲ.

ದಾರಿಯಲ್ಲೆಲ್ಲ ಮಾತು ಜೋಡಿಸಿಕೊಂಡು ಬಂದಿದ್ದೆ. ಒಂದೂ ನೆನಪಾಗಲಿಲ್ಲ. "ತಪ್ಪ ನಂದು ಅದ್ರಿ," ಎಂದೆ. "ಕೈ ನಡುಗೋದು ಬರೀಬೇಕು ಅಂತ ನಾ ಇವ್ರಿಗಿ ಸರಿಯಾಗಿ ಹೇಳೇ ಇಲ್ಲ. ಟಂಟಂ ಹೋಗ್ತದಂತ ಓಡಿದೆ. ಇವ್ರು ಕೇಳಿದ್ರು, ಹೋಗೋದು ಬರೋದು ಬರೀಬೇಕೇನು ಅಂತ. ನಾ ಹೌದಂದೆ. ಅವತ್ತು ಇವ್ರಿಗಿ ಬೈದಿದ್ದೂ ನಂದ ತಪ್ಪು."

ಧೊಂಡಿಬಾ ನನ್ನನ್ನೇ ನೋಡಿದ. "ಅಂದ್ರ ಇಕಿ ಬರ್ದಿದ್ದು ಖರೇ ಇತ್ತೇನ್ರಿ?"

"ಒಂದು ಖಾನಿನೂ ತಪ್ಪಿಲ್ಲ. ನೀವು ಲೈನ್‌ಮನ್‌ಗ ಕೇಳ್ರಿ ಬೇಕಾದ್ರ."

ಅವನು ತಲೆ ತಗ್ಗಿಸಿ ಟವೆಲ್ಲಿನ ಅಂಚು ಸುತ್ತತೊಡಗಿದ. ಸರಿತಾಗೆ ಈಗ ಹಗುರಾಗಬಹುದು ಎಂದುಕೊಂಡೆ. ನನಗೂ ಆಗಬಹುದು ಎಂದು ಆಸೆಯಿತ್ತು, ಒಪ್ಪುತ್ತೇನೆ.

"ಯಾವತ್ತ ಗೊತ್ತಾತ್ರಿ ನಿಮಗ, ತಪ್ಪ ನಿಮ್ದು ಅಂತ?" ಎಂದಳು ಸರಿತಾ.

"ಎಂಟು ದಿನ ಆಯ್ತು."

"ಎಂಟು ದಿನ. ಶನಿವಾರ ನಾ ಫೋನ್ ಮಾಡಿ ಅಳ್ಕೋತ ಹೇಳ್ದಾಗೂ ಗೊತ್ತಿತ್ತು." ದನಿ ಏರಿಸಲಿಲ್ಲ ಅವಳು. "ಹ್ಞೂಂ ಅಂದ್ರಿ ನೀವು."

ಹೌದು ಎಂದೆ.

ಅವಳು ಗಂಡನ ಕಡೆ ತಿರುಗಿದಳು. "ಇವ್ರು ಪರವೂರಿನವ್ರು. ನೀವು? ದಿನಾ ನನ್ನ ಬಾಜು ಕುಂತು ನೋಡಿದ್ರಿ ನಾ ಬರ್ಯೂದು. ಕರೆಂಟ ಹೋಯ್ತು, ಬರಿ ಬರಿ ಅಂತ ನೀವೇ ಕೂಗತಿದ್ರಿ. ದೊಡ್ಡ ಡಾಕ್ಟರ್ ಫೋನ್ ಬಂದ ಕೂಡ್ಲೆ ಎಲ್ಲಾ ಮರ್ತ್ರಿ."

ಧೊಂಡಿಬಾ ಬಾಯಿ ತೆರೆದ. "ಅವ್ವನ ಕೈ ನೋಡಿ ನನಗ..." ಎಂದ. ಸರಿತಾ, "ಅವ್ವನ ಹೆಸರು ತಗೀಬ್ಯಾಡ್ರಿ," ಎಂದಳು. ನಾನು ನಡುವೆ ಬಾಯಿ ಹಾಕಿ ಏನೋ ಸಮಾಧಾನ ಹೇಳಹೋದೆ. ಅವಳು ನನ್ನ ಮೇಲೆ ತಿರುಗಿಬಿದ್ದಳು. ಮೂವರೂ ಒಟ್ಟಿಗೆ ಮಾತಾಡತೊಡಗಿದೆವು. ಯಂತ್ರ, ಪುಸ್ತಕ, ಡಾಕ್ಟರ್, ಯಾರು ಯಾರಿಗೆ ಏನು ಹೇಳಿದರು, ಯಾರು ಹೇಳಲಿಲ್ಲ.

ಪುತಳಾಬಾಯಿ ಬಲಗೈಯಿಂದ ನೆಲಕ್ಕೆ ಬಡಿದರು. ಒಂದು ಸಲ ಬಡಿದದ್ದು ಯಾರಿಗೂ ಕೇಳಿಸಲಿಲ್ಲ, ಎರಡನೇ ಸಲಕ್ಕೆ ಸುಮ್ಮನಾದೆವು.

ಅವರ ಮಾತು ಕೇಳಲು ನಾನು ಹತ್ತಿರ ಸರಿದು ಕೂರಬೇಕಾಯಿತು. ಒಂದೊಂದು ಶಬ್ದಕ್ಕೂ ನಿಲ್ಲುತ್ತಿದ್ದರು.

"ಕೈ ನಂದು ಅದ," ಎಂದರು. "ಗುಳಗಿ ನಾ ನುಂಗ್ತೀನಿ. ಇಕಿಗಿ ಕೇಳ್ತೀರಿ, ಅವಗ ಕೇಳ್ತೀರಿ. ನನಗ ಯಾರೂ ಕೇಳಿಲ್ಲ."

ನಾನು ಈ ಮನೆಗೆ ಮೂರು ಸಲ ಬಂದಿದ್ದೇನೆ. ಭಾಲ್ಕಿಯ ಶಿಬಿರ ಸೇರಿ ನಾಲ್ಕು ಭೇಟಿ. ನಾಲ್ಕು ಸಲವೂ ನಮಸ್ಕಾರ ಹೇಳಿ, ಯಂತ್ರ ನೋಡಿ, ಸೊಸೆಯ ಕಡೆ ತಿರುಗಿದ್ದೇನೆ. ಯಾರೂ ಕೇಳಿಲ್ಲ ಎಂದರೆ ಮೊದಲು ಕೇಳದವಳು ನಾನೇ.

"ಹೇಳ್ರಿ ಅವ್ವ," ಎಂದೆ. "ಯಾವಾಗ ನಿಮ್ಮ ಕೈ ನಿಮ್ಮ ಮಾತ ಕೇಳ್ತದ, ಯಾವಾಗ ಕೇಳೂದಿಲ್ಲ?"

ಈ ಒಂದು ಪ್ರಶ್ನೆ ಕೇಳಲೆಂದೇ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು.